ಗಡ್ಡೆ ತಡೆಯುವ ಪ್ರೋಟೀನನ್ನು ಜೀವಕೋಶವೇ ಯಾಕೆ ಎಸೆಯುತ್ತದೆ?

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಿಗೂ ಈಗ ಜೀನ್ ಪರೀಕ್ಷೆಯ ರಿಪೋರ್ಟುಗಳು ಬರತೊಡಗಿವೆ. ಮಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದರೆ ಕೆಲವು ವಾರಗಳಲ್ಲಿ ವಾಟ್ಸಾಪಿಗೆ ಪಿಡಿಎಫ್ ಬರುತ್ತದೆ, ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ಪರಿಚಯದ ಒಂದು ಮನೆಗೂ ಹೀಗೊಂದು ರಿಪೋರ್ಟು ಬಂತು. ಅಪ್ಪನಿಗೆ ಮತ್ತೆ ಮತ್ತೆ ಕಿಡ್ನಿ ಕಲ್ಲು. ಅಪ್ಪನ ಅಕ್ಕನಿಗೆ ಹಿಂದೆಯೇ ಕತ್ತಿನ ಗ್ರಂಥಿಯ ಆಪರೇಷನ್ ಆಗಿತ್ತು. ಈಗ ಮಗನ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ. ರಿಪೋರ್ಟಿನ ಕೊನೆಯಲ್ಲಿ ಒಂದು ಮಾತಿತ್ತು: ಈ ಬದಲಾವಣೆಯಿಂದ ಪ್ರೋಟೀನಿನ ಸ್ಥಿರತೆ ಕುಗ್ಗುವ ಸಾಧ್ಯತೆ ಇದೆ. ಮನೆಯವರು ಕೇಳಿದ್ದು ಇಷ್ಟೇ. ಪ್ರೋಟೀನು ಅಂದರೆ ಬೇಳೆ, ಮೊಟ್ಟೆಯಲ್ಲಿ ಇರುವುದು ಅಲ್ವಾ? ಅದಕ್ಕೆ ಸ್ಥಿರತೆ ಎಂದರೇನು? ಜಾಸ್ತಿ ತಿಂದರೆ ಸರಿಹೋಗುತ್ತದಾ?

ಸರಿಹೋಗುವುದಿಲ್ಲ. ಆದರೆ ಪ್ರಶ್ನೆ ತುಂಬ ಒಳ್ಳೆಯದು. ಗಡಿನಾಡಿನಲ್ಲಿರುವ ನಮಗೆ ಕರಪತ್ರ ಸಿಕ್ಕಿದರೆ ಮಲಯಾಳದಲ್ಲಿ, ಫೈಲು ಸಿಕ್ಕಿದರೆ ಇಂಗ್ಲಿಷಿನಲ್ಲಿ. ಹಾಗಾಗಿ ಆ ಒಂದು ಮಾತಿನ ಹಿಂದೆ ಇರುವುದನ್ನೆಲ್ಲ ಬುಡದಿಂದ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಯಾವುದು?

ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುವ ಗ್ರಂಥಿಗಳು ನಮ್ಮ ದೇಹದಲ್ಲಿ ಹಲವು ಇವೆ. ಮೆದುಳಿನ ಬುಡದಲ್ಲಿ ಪಿಟ್ಯುಟರಿ, ಕತ್ತಿನಲ್ಲಿ ಥೈರಾಯ್ಡ್, ಅದರ ಹಿಂಬದಿಗೆ ಅಂಟಿಕೊಂಡ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್‌ಗಳು, ಹೊಟ್ಟೆಯಲ್ಲಿ ಪ್ಯಾಂಕ್ರಿಯಾಸ್, ಕಿಡ್ನಿಯ ನೆತ್ತಿಯಲ್ಲಿ ಅಡ್ರಿನಲ್. ಕೆಲವು ಕುಟುಂಬಗಳಲ್ಲಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಗ್ರಂಥಿಗಳಿಗೆ ಗಡ್ಡೆಯಾಗುತ್ತದೆ, ತಲೆಮಾರಿನಿಂದ ತಲೆಮಾರಿಗೆ. ಇಂಥ ಕಾಯಿಲೆಗಳಲ್ಲಿ ಮುಖ್ಯವಾದದ್ದು ಮಲ್ಟಿಪಲ್ ಎಂಡೋಕ್ರೈನ್ ನಿಯೋಪ್ಲೇಸಿಯಾ ಟೈಪ್ 1. ವೈದ್ಯರು ಚಿಕ್ಕದಾಗಿ ಮೆನ್-1 ಎನ್ನುತ್ತಾರೆ. ಇದು ವಂಶದಲ್ಲಿ ಹರಿದು ಬರುತ್ತದೆ ಎಂದು 1954ರಲ್ಲಿ ವಿವರಿಸಿದವರು ಪಾಲ್ ವರ್ಮರ್ ಎಂಬ ವೈದ್ಯರು. ಸುಮಾರು 30,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬ ಅಂದಾಜಿದೆ.

ಹೆಚ್ಚಿನವರಲ್ಲಿ ಮೊದಲು ಕಾಣಿಸಿಕೊಳ್ಳುವುದು ಪ್ಯಾರಾಥೈರಾಯ್ಡ್ ತೊಂದರೆ. ಈ ಗ್ರಂಥಿ ಒಂದೊಂದೂ ಸುಮಾರು 6 ಮಿಲಿಮೀಟರ್ ಅಷ್ಟೇ. ಆದರೆ ರಕ್ತದ ಕ್ಯಾಲ್ಸಿಯಂ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಅದೇ. ಅದು ದಪ್ಪವಾಗಿ ಹಾರ್ಮೋನನ್ನು ಜಾಸ್ತಿ ಬಿಟ್ಟರೆ ಎಲುಬಿನಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತದೆ, ಮೂತ್ರದಲ್ಲೂ ಹೋಗುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ನಮ್ಮಲ್ಲಿ ಕಲ್ಲು ಎಂದರೆ ಬಾವಿ ನೀರಿನ ದೋಷ ಎನ್ನುತ್ತೇವೆ, ಬಾಳೆದಿಂಡಿನ ರಸ ಕುಡಿಯುತ್ತೇವೆ. ಹೆಚ್ಚಿನ ಕಲ್ಲುಗಳಿಗೆ ಮೆನ್-1 ಕಾರಣವೂ ಅಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಒಂದೇ ಮನೆಯಲ್ಲಿ ಎರಡು ಮೂರು ಜನಕ್ಕೆ ಪದೇ ಪದೇ ಕಲ್ಲಾದರೆ, ಜೊತೆಗೆ ಕ್ಯಾಲ್ಸಿಯಂ ಕೂಡ ಜಾಸ್ತಿ ಇದ್ದರೆ, ಗ್ರಂಥಿಯ ಕಡೆ ನೋಡಲೇಬೇಕು.

ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಎಂದು ಹೆದರುವವರು ಬಹಳ. ಮೆನ್-1ರಲ್ಲಿ ಪ್ಯಾರಾಥೈರಾಯ್ಡಿಗೆ ಆಗುವ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಪ್ಯಾಂಕ್ರಿಯಾಸಿನ ಗಡ್ಡೆಗಳ ವಿಷಯದಲ್ಲಿ ಮಾತ್ರ ಅಷ್ಟು ನಿಶ್ಚಿಂತೆಯಿಂದ ಇರುವಂತಿಲ್ಲ. ಅವುಗಳಲ್ಲಿ ಕೆಲವು ಕ್ಯಾನ್ಸರ್ ಆಗಿ ಹರಡಬಹುದು. ಅದಕ್ಕೇ ವೈದ್ಯರು ವರ್ಷ ವರ್ಷ ಬರಹೇಳುವುದು.

ಒಂದು ಜೀನು, ಎರಡು ಪ್ರತಿ

ಮೆನ್-1ಕ್ಕೆ ಕಾರಣವಾದ ಜೀನು 11ನೇ ಕ್ರೋಮೋಸೋಮಿನಲ್ಲಿದೆ. ಅದನ್ನು ಪತ್ತೆ ಮಾಡಿದ ಸಂಶೋಧನೆ ಪ್ರಕಟವಾದದ್ದು 1997ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡದಿಂದ. ಆ ಲೇಖನದ ವಿಜ್ಞಾನಿಗಳ ಸಾಲಿನಲ್ಲಿ ಮೊದಲು ಬರುವ ಹೆಸರು ಸೆಟ್ಟರ ಚಂದ್ರಶೇಖರಪ್ಪ. ಅದನ್ನು ಓದುವಾಗ ನನಗೆ ಬಹಳ ಖುಷಿಯಾಯಿತು.

ಜೀನು ಎಂದರೆ ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂಬ ಬರಹ. ಈ ಜೀನು ಹೇಳಿಕೊಡುವ ಪ್ರೋಟೀನಿನ ಹೆಸರು ಮೆನಿನ್. ಊಟದ ಪ್ರೋಟೀನಿಗೂ ಇದಕ್ಕೂ ಇರುವ ಸಂಬಂಧ ಇಷ್ಟೇ: ನಾವು ತಿಂದ ಬೇಳೆ, ಮೀನು ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತವೆ. ಜೀವಕೋಶ ಆ ಅಮೈನೋ ಆಮ್ಲಗಳನ್ನು ತನಗೆ ಬೇಕಾದ ಕ್ರಮದಲ್ಲಿ ಪೋಣಿಸಿ ತನ್ನದೇ ಪ್ರೋಟೀನು ಮಾಡಿಕೊಳ್ಳುತ್ತದೆ. ಮೆನಿನ್‌ನಲ್ಲಿ 610 ಅಮೈನೋ ಆಮ್ಲಗಳಿವೆ. ಯಾವುದು ಎಲ್ಲಿ ಬರಬೇಕು ಎಂಬುದನ್ನು ತೀರ್ಮಾನಿಸುವುದು ಜೀನು, ಊಟವಲ್ಲ.

ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ಅಮ್ಮನಿಂದ, ಇನ್ನೊಂದು ಅಪ್ಪನಿಂದ. ಮೆನ್-1 ಇರುವವರಿಗೆ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ. ಇನ್ನೊಂದು ಸರಿ ಇರುವ ತನಕ ಜೀವಕೋಶ ಹೇಗೋ ಸಂಭಾಳಿಸುತ್ತದೆ. ವರ್ಷಗಳು ಕಳೆದ ಹಾಗೆ ಯಾವುದೋ ಒಂದು ಗ್ರಂಥಿಯ ಒಂದು ಜೀವಕೋಶದಲ್ಲಿ ಆ ಸರಿ ಇದ್ದ ಪ್ರತಿಯೂ ಕೈಬಿಡುತ್ತದೆ. ಗಡ್ಡೆ ಬೆಳೆಯುವುದು ಅಲ್ಲಿಂದ. ಎರಡು ಪೆಟ್ಟು ಬಿದ್ದರೆ ಮಾತ್ರ ಗಡ್ಡೆ ಎಂಬ ಈ ವಿಚಾರವನ್ನು 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಮುಂದಿಟ್ಟರು. ಅವರು ಮಕ್ಕಳ ಕಣ್ಣಿನ ಒಂದು ಬಗೆಯ ಕ್ಯಾನ್ಸರನ್ನು ಗಮನಿಸಿ ಇದನ್ನು ಹೇಳಿದ್ದರು. ಮೆನ್-1ಕ್ಕೂ ಅದು ಸರಿಯಾಗಿ ಹೊಂದಿತು. ಅದೇ ಕಾರಣಕ್ಕೆ ಒಂದೇ ದೋಷ ಇರುವ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ 20ರಲ್ಲಿ, ಇನ್ನೊಬ್ಬನಿಗೆ 40ರಲ್ಲಿ ತೊಂದರೆ ಶುರುವಾಗಬಹುದು. ಎರಡನೇ ಪೆಟ್ಟು ಎಂದು, ಎಲ್ಲಿ ಬೀಳುತ್ತದೆ ಎಂದು ಯಾರೂ ಮೊದಲೇ ಹೇಳಲಾರರು.

ಮೆನಿನ್ ಇದ್ದರೆ ಏನಾಗುತ್ತದೆ?

ಗಡ್ಡೆ ಬೆಳೆಯದಂತೆ ನೋಡಿಕೊಳ್ಳುವ ಪ್ರೋಟೀನುಗಳಿಗೆ ಟ್ಯೂಮರ್ ಸಪ್ರೆಸರ್ ಎಂಬ ಹೆಸರಿದೆ. ಮೆನಿನ್ ಅಂಥದ್ದೊಂದು. ಅದು ಹೆಚ್ಚಾಗಿ ಜೀವಕೋಶದ ನಡುವಿನ ನ್ಯೂಕ್ಲಿಯಸ್ಸಿನಲ್ಲಿ ಇರುತ್ತದೆ, ಡಿಎನ್‌ಎ ಹತ್ತಿರವೇ. ಅಲ್ಲಿ ಬೇರೆ ಪ್ರೋಟೀನುಗಳ ಜೊತೆ ಸೇರಿ ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಎಂಬುದರಲ್ಲಿ ಕೈಯಾಡಿಸುತ್ತದೆ. ಅದು ಎಬ್ಬಿಸುವ ಜೀನುಗಳಲ್ಲಿ ಪಿ27 ಎಂಬ ಇನ್ನೊಂದು ಪ್ರೋಟೀನಿನದ್ದೂ ಇದೆ. ಜೀವಕೋಶ ಒಡೆದು ಎರಡಾಗುವುದನ್ನು ತಡೆದು ನಿಲ್ಲಿಸುವುದು ಈ ಪಿ27. ಮೆನಿನ್ ಕಡಿಮೆಯಾದರೆ ಪಿ27 ಕಡಿಮೆ, ಪಿ27 ಕಡಿಮೆಯಾದರೆ ಗ್ರಂಥಿಯ ಜೀವಕೋಶಗಳು ಅಗತ್ಯ ಇಲ್ಲದಿದ್ದರೂ ಒಡೆಯುತ್ತಾ ಹೋಗುತ್ತವೆ. ಈ ಪಿ27ರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪ್ರೋಟೀನಿಗೂ ಆಯುಸ್ಸು ಇದೆ

ಜೀವಕೋಶ ಒಮ್ಮೆ ತಯಾರಿಸಿದ ಪ್ರೋಟೀನು ಹಾಗೇ ಇರುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಕೆಲವು ಪ್ರೋಟೀನುಗಳು ನಿಮಿಷಗಳಲ್ಲಿ ಹೋಗುತ್ತವೆ, ಕೆಲವು ದಿನಗಟ್ಟಲೆ ಉಳಿಯುತ್ತವೆ. ಯಾವುದು ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನು ಜೀವಕೋಶವೇ ನೋಡಿಕೊಳ್ಳುತ್ತದೆ. ಸ್ಥಿರತೆ ಎಂದು ರಿಪೋರ್ಟಿನಲ್ಲಿ ಬರೆದಿದ್ದು ಇದನ್ನೇ: ತಯಾರಾದ ಪ್ರೋಟೀನು ಎಷ್ಟು ಹೊತ್ತು ಬಾಳುತ್ತದೆ.

ತೆಗೆದುಹಾಕುವ ಕೆಲಸ ಮಾಡುವುದು ಎಂಜೈಮುಗಳು. ಪಠ್ಯಪುಸ್ತಕದಲ್ಲಿ ಕಿಣ್ವ ಎಂದು ಓದಿದ್ದೇವಲ್ಲ, ಅವೇ. ಹೊಟ್ಟೆಯಲ್ಲಿ ಅನ್ನ ಕರಗಿಸುವುದು ಮಾತ್ರ ಅವುಗಳ ಕೆಲಸ ಎಂದು ಹಲವರು ತಿಳಿದಿದ್ದಾರೆ. ಜೀವಕೋಶದೊಳಗೆ ನಡೆಯುವ ಹೆಚ್ಚುಕಡಿಮೆ ಎಲ್ಲ ರಾಸಾಯನಿಕ ಕೆಲಸಕ್ಕೂ ಒಂದೊಂದು ಎಂಜೈಮ್ ಇದೆ.

ಎಸೆಯಬೇಕಾದ ಪ್ರೋಟೀನಿಗೆ ಮೊದಲು ಗುರುತು ಹಾಕಲಾಗುತ್ತದೆ. ಆ ಗುರುತು ಕೂಡ ಒಂದು ಪುಟ್ಟ ಪ್ರೋಟೀನೇ. ಹೆಸರು ಯೂಬಿಕ್ವಿಟಿನ್, ಉದ್ದ 76 ಅಮೈನೋ ಆಮ್ಲ. ಗುರುತು ಹಾಕಲು ಮೂರು ಬಗೆಯ ಎಂಜೈಮುಗಳು ಸಾಲಾಗಿ ಕೆಲಸ ಮಾಡುತ್ತವೆ. ಇ1 ಎಂಬುದು ಶಕ್ತಿ ಖರ್ಚು ಮಾಡಿ ಯೂಬಿಕ್ವಿಟಿನ್ ಅನ್ನು ಸಜ್ಜು ಮಾಡುತ್ತದೆ. ಇ2 ಅದನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಯಾವ ಪ್ರೋಟೀನಿಗೆ ಅಂಟಿಸಬೇಕು ಎಂದು ಗುರುತಿಸುವುದು ಇ3. ಹಾಗಾಗಿಯೇ ಮನುಷ್ಯರಲ್ಲಿ ಇ1 ಎರಡೇ ಇದ್ದರೆ, ಇ3 ಮಾತ್ರ 600ಕ್ಕಿಂತ ಜಾಸ್ತಿ ಇವೆ. ಒಂದು ಯೂಬಿಕ್ವಿಟಿನ್ ಅಂಟಿದರೆ ಸಾಲದು. ಅದರ ಮೇಲೆ ಇನ್ನೊಂದು, ಮತ್ತೊಂದು ಎಂದು ಸಾಮಾನ್ಯವಾಗಿ ನಾಲ್ಕಾದರೂ ಸೇರಿ ಸರಪಳಿ ಆಗಬೇಕು. ಆಗ ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ದೊಡ್ಡ ಎಂಜೈಮ್ ಸಮೂಹ ಆ ಸರಪಳಿಯನ್ನು ಹಿಡಿಯುತ್ತದೆ, ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ, ಒಳಗೆ ಎಳೆದು ಚೂರು ಮಾಡುತ್ತದೆ. ಯೂಬಿಕ್ವಿಟಿನ್ ಮಾತ್ರ ಹಾಗೇ ಹೊರಗೆ ಬರುತ್ತದೆ, ಮತ್ತೆ ಉಪಯೋಗಕ್ಕೆ. ಇಷ್ಟನ್ನು ಕಂಡುಹಿಡಿದದ್ದಕ್ಕೆ ಆರನ್ ಸಿಚನೋವರ್, ಅವ್ರಾಮ್ ಹರ್ಷ್ಕೊ, ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರು ಪ್ರಯೋಗ ಮಾಡಿದ್ದು ಮೊಲದ ಎಳೆಯ ಕೆಂಪು ರಕ್ತಕಣಗಳ ಸಾರದಲ್ಲಿ. ಒಡೆದು ಹಾಕುವುದಕ್ಕೂ ಜೀವಕೋಶ ಯಾಕೆ ಶಕ್ತಿ ಖರ್ಚು ಮಾಡುತ್ತದೆ ಎಂಬ ಹಳೆಯ ಒಗಟಿಗೆ ಅಲ್ಲಿ ಉತ್ತರ ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ಒಡೆಯುವುದಕ್ಕಲ್ಲ, ಆರಿಸಿ ಒಡೆಯುವುದಕ್ಕೆ ಆ ಖರ್ಚು.

ಇನ್ನೊಂದು ಗುಂಪಿನ ಎಂಜೈಮುಗಳೂ ಇವೆ, ಸುಮಾರು 100. ಅಂಟಿಸಿದ ಯೂಬಿಕ್ವಿಟಿನ್ ಅನ್ನು ಕಿತ್ತು ತೆಗೆದು ಪ್ರೋಟೀನನ್ನು ಉಳಿಸುವುದು ಇವುಗಳ ಕೆಲಸ. ಡ್ಯೂಬ್ ಎಂದು ಚಿಕ್ಕದಾಗಿ ಕರೆಯುತ್ತಾರೆ.

ಚಾಲಿ ಅಡಿಕೆ ಸುಲಿದು ರಾಶಿ ಹಾಕಿ ಹೆಕ್ಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯದು ಒಂದು ಗೋಣಿಗೆ, ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ. ಹೆಕ್ಕುವವರು ಇ3 ಎಂದಿಟ್ಟುಕೊಳ್ಳಿ. ಅವರ ಕಣ್ಣಿಗೆ ಬಿದ್ದದ್ದು ಮಾತ್ರ ಕೆಟ್ಟ ರಾಶಿಗೆ ಹೋಗುತ್ತದೆ. ಕೆಟ್ಟ ರಾಶಿಯ ಬದಿಯಲ್ಲಿ ಕೂತು, ಇದು ಪರವಾಗಿಲ್ಲ ಎಂದು ಕೆಲವನ್ನು ವಾಪಸು ಎತ್ತಿಹಾಕುವ ಅನುಭವಸ್ಥರು ಡ್ಯೂಬ್. ಕೊನೆಗೆ ಒಳ್ಳೆಯ ಗೋಣಿಯಲ್ಲಿ ಎಷ್ಟು ಉಳಿಯಿತು ಎಂಬುದು ತೋಟದ ಫಸಲಿನ ಮೇಲೆ ಮಾತ್ರ ನಿಂತಿಲ್ಲ. ಹೆಕ್ಕುವ ಕೈ ಎಷ್ಟು ಕಟ್ಟುನಿಟ್ಟು ಎಂಬುದೂ ಅಷ್ಟೇ ಮುಖ್ಯ.

ಒಂದು ಅಕ್ಷರ ತಪ್ಪಿದಾಗ

ಮೆನ್-1 ಜೀನಿನಲ್ಲಿ ಇದುವರೆಗೆ ಸಾವಿರಕ್ಕೂ ಹೆಚ್ಚು ಬಗೆಯ ದೋಷಗಳು ಪತ್ತೆಯಾಗಿವೆ. ಹೆಚ್ಚಿನವು ಬರಹವನ್ನೇ ನಡುವಿನಲ್ಲಿ ಕಡಿದುಹಾಕುವಂಥವು. ಆಗ ಮೆನಿನ್ ತಯಾರಾಗುವುದೇ ಇಲ್ಲ, ಅಥವಾ ತುಂಡು ಮಾತ್ರ ತಯಾರಾಗುತ್ತದೆ. ಅಲ್ಲಿ ಸ್ಥಿರತೆಯ ಮಾತು ಬರುವುದು ಕಡಿಮೆ.

ಸುಮಾರು ಐದರಲ್ಲಿ ಒಂದು ದೋಷ ಬೇರೆ ಜಾತಿಯದ್ದು. ರಿಪೋರ್ಟಿನಲ್ಲಿ ಮಿಸ್ಸೆನ್ಸ್ ಎಂದು ಬರೆದಿರುತ್ತದೆ. 610 ಅಮೈನೋ ಆಮ್ಲಗಳಲ್ಲಿ ಒಂದು ಮಾತ್ರ ಬದಲಾಗಿರುತ್ತದೆ, ಉಳಿದ 609 ಸರಿಯಾಗಿಯೇ ಇರುತ್ತವೆ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಕಾಯಿಲೆ ಯಾಕೆ? ವಿಜ್ಞಾನಿಗಳಿಗೂ ಇದು ಬಹುಕಾಲ ಸಮಸ್ಯೆಯೇ ಆಗಿತ್ತು. ತಪ್ಪುಗಳು ಮೆನಿನ್‌ನ ಒಂದೇ ಜಾಗದಲ್ಲಿ ಇರಲಿಲ್ಲ, ಉದ್ದಕ್ಕೂ ಚೆದುರಿದ್ದವು. ಕೆಲಸ ಮಾಡುವ ಒಂದು ಮುಖ್ಯ ಭಾಗ ಹಾಳಾಗಿದೆ ಎಂದು ಹೇಳುವಂತೆಯೂ ಇರಲಿಲ್ಲ.

ಉತ್ತರ ಇರುವುದು ಮಡಿಕೆಯಲ್ಲಿ. ಪ್ರೋಟೀನು ದಾರದ ಹಾಗೆ ಉದ್ದಕ್ಕೆ ಇರುವುದಿಲ್ಲ. ತಯಾರಾದ ಕೂಡಲೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಒಳಗೆ ಒತ್ತಾಗಿ ಕೂರಬೇಕಾದ ಕಡೆ ಬೇರೆ ಅಮೈನೋ ಆಮ್ಲ ಬಂದರೆ ಮಡಿಕೆ ಸ್ವಲ್ಪ ಸಡಿಲವಾಗುತ್ತದೆ. ಒಳಗಿರಬೇಕಾದ ಭಾಗ ಹೊರಗೆ ಇಣುಕುತ್ತದೆ. ಮಡಿಕೆ ಸರಿಯಾಗಲು ಸಹಾಯ ಮಾಡುವ ಎಚ್‌ಎಸ್‌ಪಿ70 ಎಂಬ ಪ್ರೋಟೀನು ಅದನ್ನು ಗಮನಿಸಿ ಹಿಡಿದುಕೊಳ್ಳುತ್ತದೆ. ಇಲ್ಲಿಯ ತನಕ ಎಲ್ಲ ಒಳ್ಳೆಯದೇ. ಆದರೆ ಎಚ್‌ಎಸ್‌ಪಿ70ಗೆ ತಾಗಿಕೊಂಡೇ ಚಿಪ್ ಎಂಬ ಒಂದು ಇ3 ಎಂಜೈಮ್ ಇರುತ್ತದೆ. ಸರಿಯಾಗಿ ಮಡಚಿಕೊಳ್ಳದೆ ಎಚ್‌ಎಸ್‌ಪಿ70ರ ಕೈಯಲ್ಲೇ ಉಳಿದುಬಿಟ್ಟ ಪ್ರೋಟೀನಿಗೆ ಚಿಪ್ ಗುರುತು ಅಂಟಿಸುತ್ತದೆ. ಆಮೇಲೆ ಪ್ರೋಟಿಯಾಸೋಮ್ ಇದೆಯಲ್ಲ.

ಸರಿ ಇರುವ ಮೆನಿನ್ ಬಹಳ ಹೊತ್ತು ಬಾಳುವ ಪ್ರೋಟೀನು. ತಪ್ಪಿರುವ ಮೆನಿನ್ ತಯಾರಾಗುತ್ತದೆ, ಕೂಡಲೇ ಹೊರಟುಹೋಗುತ್ತದೆ. ಜೀನು ಕೆಲಸ ಮಾಡುತ್ತಲೇ ಇದ್ದರೂ ಜೀವಕೋಶದಲ್ಲಿ ಅಳೆದು ನೋಡಿದರೆ ಮೆನಿನ್ ಬರೀ ಸ್ವಲ್ಪ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ನಿಸುವುದು ಇದೇ. ಇಂಥ ಕುಟುಂಬಗಳಲ್ಲಿ ತೊಂದರೆ ಬರೀ ಜೀನಿನದ್ದಲ್ಲ. ಅರ್ಧಂಬರ್ಧ ಕೆಲಸ ಮಾಡಬಲ್ಲ ಪ್ರೋಟೀನನ್ನೂ ಜೀವಕೋಶದ ಗುಣಮಟ್ಟ ನೋಡುವ ಎಂಜೈಮುಗಳು ಎಸೆದುಬಿಡುತ್ತಿವೆ. ಸ್ವಲ್ಪ ಬಿರುಕು ಬಿಟ್ಟ, ಆದರೆ ಮಾರಾಟಕ್ಕೆ ಅಡ್ಡಿಯಿಲ್ಲದ ಅಡಿಕೆ ಕರಿಗೋಟಿನ ರಾಶಿಗೆ ಹೋದ ಹಾಗೆ.

ಜೀವಕೋಶ ಹೀಗೆ ಮಾಡುವುದು ತಪ್ಪೇನಲ್ಲ. ಕೆಟ್ಟು ಮಡಚಿದ ಪ್ರೋಟೀನುಗಳು ಗುಂಪಾಗಿ ಸೇರಿಕೊಂಡರೆ ಬೇರೆ ಅಪಾಯ ಇದೆ. ಮೆದುಳಿನ ಹಲವು ಕಾಯಿಲೆಗಳಲ್ಲಿ ಕಾಣುವುದು ಅದನ್ನೇ. ಕಟ್ಟುನಿಟ್ಟಾಗಿರುವುದರಿಂದ ದೇಹಕ್ಕೆ ಹೆಚ್ಚಿನ ಸಲ ಒಳ್ಳೆಯದೇ ಆಗುತ್ತದೆ.

ಇದೆಲ್ಲ ಗೊತ್ತಾದದ್ದು ಹೇಗೆ?

ಪ್ರಯೋಗ ಕೇಳಲು ಸರಳ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಒಂದು ರಾಸಾಯನಿಕ ಹಾಕುತ್ತಾರೆ. ಅದರಿಂದ ಹೊಸ ಪ್ರೋಟೀನು ತಯಾರಾಗುವುದು ನಿಲ್ಲುತ್ತದೆ. ಇನ್ನು ಇರುವುದು ಹಳೆಯ ಸರಕು ಮಾತ್ರ. ಕೆಲವು ಗಂಟೆಗೊಮ್ಮೆ ಸ್ವಲ್ಪ ಜೀವಕೋಶ ತೆಗೆದು ಎಷ್ಟು ಮೆನಿನ್ ಉಳಿದಿದೆ ಎಂದು ನೋಡುತ್ತಾರೆ. ಅದು ಫಿಲ್ಮಿನ ಮೇಲೆ ಒಂದು ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಸರಿ ಇರುವ ಮೆನಿನ್‌ನ ಪಟ್ಟಿ ಗಂಟೆಗಳು ಕಳೆದರೂ ದಪ್ಪವಾಗೇ ಇರುತ್ತದೆ. ತಪ್ಪಿರುವುದರ ಪಟ್ಟಿ ತೆಳ್ಳಗಾಗುತ್ತಾ ಹೋಗಿ ಮಾಯವಾಗುತ್ತದೆ. ಅದೇ ಜೀವಕೋಶಗಳಿಗೆ ಪ್ರೋಟಿಯಾಸೋಮ್ ತಡೆಯುವ ವಸ್ತುವನ್ನೂ ಹಾಕಿದರೆ, ಮಾಯವಾಗುತ್ತಿದ್ದ ಪಟ್ಟಿ ಉಳಿದುಕೊಳ್ಳುತ್ತದೆ.

ಮಿಸ್ಸೆನ್ಸ್ ದೋಷವಿರುವ ಮೆನಿನ್ ಯೂಬಿಕ್ವಿಟಿನ್ ದಾರಿಯಲ್ಲಿ ಬೇಗ ನಾಶವಾಗುತ್ತದೆ, ಅದರಲ್ಲಿ ಚಿಪ್ ಮತ್ತು ಎಚ್‌ಎಸ್‌ಪಿ70ಗಳ ಕೈ ಇದೆ ಎಂದು 2004ರಲ್ಲಿ ಜಪಾನಿನ ತಂಡವೊಂದು ತೋರಿಸಿತು. 2012ರಲ್ಲಿ ಕೆನಡಾದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜೀವಕೋಶಗಳಲ್ಲಿ ಚಿಪ್ ಅನ್ನೇ ಕಡಿಮೆ ಮಾಡಿ ನೋಡಿದರು. ತಪ್ಪಿರುವ ಮೆನಿನ್‌ನ ಪ್ರಮಾಣ ಏರಿತು, ಜೊತೆಗೆ ಅದು ಕೆಲಸವನ್ನೂ ಮಾಡಿತು! ಇದು ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಮಾತು. ಮನುಷ್ಯರ ಮೇಲೆ ಆದ ಚಿಕಿತ್ಸೆ ಅಲ್ಲ. ಆದರೂ ಎಸೆದಿದ್ದರಲ್ಲಿ ಉಪಯೋಗಕ್ಕೆ ಬರುವುದೂ ಇತ್ತು ಎಂದು ಅದರಿಂದ ಖಚಿತವಾಯಿತು.

ಇದೇ ಲೆಕ್ಕ ಬೇರೆ ಕಾಯಿಲೆಗಳಲ್ಲಿ

ಪಿ27 ನೆನಪಿದೆಯಲ್ಲ. 2006ರಲ್ಲಿ ಮೆನ್-4 ಎಂಬ ಹೊಸ ಕಾಯಿಲೆ ಗೊತ್ತಾಯಿತು. ಮೆನ್-1ರ ಹಾಗೇ ಕಾಣುತ್ತದೆ, ಆದರೆ ಮೆನಿನ್ ಸರಿಯಾಗಿರುತ್ತದೆ. ದೋಷ ಇರುವುದು ಪಿ27ರ ಜೀನಿನಲ್ಲಿ. ಸುಳಿವು ಸಿಕ್ಕಿದ್ದು ಹಲವು ಗ್ರಂಥಿಗಳಲ್ಲಿ ಗಡ್ಡೆಯಾಗುತ್ತಿದ್ದ ಒಂದು ಜಾತಿಯ ಪ್ರಯೋಗಾಲಯದ ಇಲಿಗಳಿಂದ. ಆ ಇಲಿಗಳಲ್ಲಿ ಪಿ27 ತಯಾರಾಗುತ್ತಿತ್ತು, ಆದರೆ ಬಾಳುತ್ತಿರಲಿಲ್ಲ. ಆರೋಗ್ಯವಂತರಲ್ಲೂ ಜೀವಕೋಶ ಒಡೆಯಬೇಕಾದಾಗ ಪಿ27 ಅನ್ನು ಬದಿಗೆ ಸರಿಸಲೇಬೇಕು. ಆ ಕೆಲಸ ಎಸ್‌ಕೆಪಿ2 ಎಂಬ ಭಾಗವಿರುವ ಇ3 ಎಂಜೈಮಿನದ್ದು. ಅದಕ್ಕೂ ಮೊದಲು ಇನ್ನೊಂದು ಎಂಜೈಮ್ ಬಂದು ಪಿ27ರ ಮೇಲೆ ಒಂದು ಫಾಸ್ಫೇಟ್ ಕೂರಿಸಬೇಕು. ಆಮೇಲೆಯೇ ಎಸ್‌ಕೆಪಿ2ಗೆ ಅದು ಗೊತ್ತಾಗುವುದು. ಒಬ್ಬರ ಒಪ್ಪಿಗೆ ಸಾಲದು, ಇಬ್ಬರದ್ದು ಬೇಕು. ಎಷ್ಟು ಎಚ್ಚರಿಕೆಯ ವ್ಯವಸ್ಥೆ ನೋಡಿ.

ವಾನ್ ಹಿಪ್ಪೆಲ್-ಲಿಂಡಾವ್ ಕಾಯಿಲೆಯಲ್ಲಿ ಕತೆ ತಿರುಗಿ ನಿಲ್ಲುತ್ತದೆ. ಇದರಲ್ಲಿ ಅಡ್ರಿನಲ್ ಗ್ರಂಥಿ, ಪ್ಯಾಂಕ್ರಿಯಾಸ್, ಕಿಡ್ನಿ, ಕಣ್ಣಿನ ಹಿಂಬದಿ, ಮಿದುಳಿನಲ್ಲಿ ಗಡ್ಡೆಗಳಾಗುತ್ತವೆ. ಜೀನಿನ ಹೆಸರು ವಿಎಚ್‌ಎಲ್, ಪತ್ತೆಯಾದದ್ದು 1993ರಲ್ಲಿ. ಇಲ್ಲಿ ಗಡ್ಡೆ ತಡೆಯುವ ಪ್ರೋಟೀನು ತಾನೇ ಒಂದು ಇ3 ಎಂಜೈಮಿನ ಭಾಗ. ಆಮ್ಲಜನಕ ಸಾಲದು ಎಂದು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಹಿಫ್ ಎಂಬ ಪ್ರೋಟೀನನ್ನು ಗುರುತಿಸಿ ಎಸೆಯಲು ಕೊಡುವುದು ಅದರ ಕೆಲಸ. ಆಮ್ಲಜನಕ ಸಾಕಷ್ಟು ಇದ್ದಾಗ ಒಂದು ಎಂಜೈಮ್ ಹಿಫ್ ಮೇಲೆ ರಾಸಾಯನಿಕ ಗುರುತು ಇಡುತ್ತದೆ, ವಿಎಚ್‌ಎಲ್ ಅದನ್ನು ನೋಡಿ ಹಿಡಿಯುತ್ತದೆ. ವಿಎಚ್‌ಎಲ್ ಇಲ್ಲದಿದ್ದರೆ ಹಿಫ್ ರಾಶಿ ಬೀಳುತ್ತದೆ. ಉಸಿರು ಚೆನ್ನಾಗಿಯೇ ಆಡುತ್ತಿದ್ದರೂ ಆಮ್ಲಜನಕ ಸಾಲದು ಎಂದು ತಿಳಿದ ಜೀವಕೋಶ ಹೊಸ ರಕ್ತನಾಳ ಬೆಳೆಸತೊಡಗುತ್ತದೆ. ಆಮ್ಲಜನಕವನ್ನು ಜೀವಕೋಶ ಹೇಗೆ ಅರಿಯುತ್ತದೆ ಎಂದು ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರಲ್ಲಿ ವೈದ್ಯಕೀಯ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಹಾಗಾದರೆ ಮದ್ದು ಇದೆಯಾ?

ವಿಎಚ್‌ಎಲ್ ಕಾಯಿಲೆಗೆ ಒಂದು ಮದ್ದು ಬಂದಿದೆ. ರಾಶಿ ಬಿದ್ದ ಹಿಫ್‌ನಲ್ಲಿ ಒಂದು ಬಗೆಯದ್ದನ್ನು ತಡೆಯುವ ಬೆಲ್ಝುಟಿಫಾನ್ ಗುಳಿಗೆಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಎಂಜೈಮಿನ ಕೆಲಸ ತಿಳಿದದ್ದರಿಂದ ನೇರವಾಗಿ ಹುಟ್ಟಿದ ಮದ್ದು ಇದು.

ಮೆನ್-1ಕ್ಕೆ ಮೆನಿನ್ ಅನ್ನು ಉಳಿಸಿಕೊಡುವ ಮದ್ದು ಇವತ್ತು ಇಲ್ಲ. ಯಾರಾದರೂ ಇದೆ ಎಂದು ಮಾರಲು ಬಂದರೆ ನಂಬಬೇಡಿ. ಯಾಕಿಲ್ಲ ಎಂದು ಕೇಳಿದರೆ, ಪ್ರೋಟಿಯಾಸೋಮನ್ನೇ ನಿಲ್ಲಿಸುವ ಮದ್ದುಗಳು ಇವೆ. ಬೋರ್ಟೆಜೊಮಿಬ್ ಎಂಬುದಕ್ಕೆ 2003ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ, ಮೂಳೆಮಜ್ಜೆಯ ಒಂದು ಕ್ಯಾನ್ಸರಿಗೆ ಕೊಡುತ್ತಾರೆ. ಆದರೆ ಅದು ನಿಲ್ಲಿಸುವುದು ಎಲ್ಲ ಪ್ರೋಟೀನುಗಳ ವಿಲೇವಾರಿಯನ್ನು. ಆರೋಗ್ಯವಾಗಿ ಓಡಾಡುತ್ತಿರುವ 25ರ ಹುಡುಗನಿಗೆ ವರ್ಷಗಟ್ಟಲೆ ಅದನ್ನು ಕೊಡಲಾಗದು. ಚಿಪ್ ಒಂದನ್ನೇ ತಡೆಯೋಣ ಎಂದರೆ ಅದಕ್ಕೂ ದೇಹದಲ್ಲಿ ಬೇರೆ ನೂರು ಕೆಲಸ ಇದೆ.

ಇನ್ನೊಂದು ತೊಡಕು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಗ್ರಂಥಿಯಲ್ಲಿ ಗಡ್ಡೆ ತಡೆಯುವ ಇದೇ ಮೆನಿನ್ ಕೆಲವು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಕ್ಯಾನ್ಸರಿಗೇ ಸಹಾಯ ಮಾಡುತ್ತದೆ. ಅಲ್ಲಿ ಮೆನಿನ್ ಅನ್ನು ತಡೆಯುವುದೇ ಚಿಕಿತ್ಸೆ. ರೆವ್ಯುಮೆನಿಬ್ ಎಂಬ ಅಂಥ ಮದ್ದಿಗೆ 2024ರ ನವೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟಿದೆ. ಒಂದು ಪ್ರೋಟೀನು ಒಳ್ಳೆಯದೋ ಕೆಟ್ಟದೋ ಎಂಬುದಕ್ಕೆ ಅದು ಯಾವ ಜೀವಕೋಶದಲ್ಲಿ ಇದೆ ಎಂದು ಕೇಳಿಯೇ ಉತ್ತರ ಹೇಳಬೇಕು.

ಭರವಸೆ ಇರುವುದು ಡ್ಯೂಬ್ ಕಡೆ. ಬೇಕಾದ ಒಂದೇ ಪ್ರೋಟೀನಿನ ಹತ್ತಿರಕ್ಕೆ ಡ್ಯೂಬನ್ನು ಕರೆತಂದು, ಅದಕ್ಕೆ ಅಂಟಿದ ಗುರುತು ಕೀಳಿಸುವ ಅಣುಗಳನ್ನು ಈಗ ತಯಾರಿಸುತ್ತಿದ್ದಾರೆ. 2022ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಆನುವಂಶಿಕ ಕಾಯಿಲೆಯಲ್ಲಿ ಬೇಗ ನಾಶವಾಗುವ ಪ್ರೋಟೀನನ್ನು ಹೀಗೆ ಜೀವಕೋಶದಲ್ಲಿ ಉಳಿಸಿ ತೋರಿಸಿದರು. ಮೆನಿನ್‌ನಂಥ ಪ್ರೋಟೀನಿಗೂ ಇದೇ ದಾರಿ ಸಾಗಬಹುದು ಎಂಬ ಆಸೆ ಇಟ್ಟುಕೊಳ್ಳಲು ಕಾರಣ ಇದೆ.

ಎಂಡೋಸಲ್ಫಾನ್ ಕಾರಣವಾ?

ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಗೇರು ತೋಟಗಳ ಮೇಲೆ ಎರಡು ದಶಕ ವಿಷ ಸುರಿದ ಊರಿನಲ್ಲಿ ಯಾವ ಗಡ್ಡೆ ಕಂಡರೂ ಮನಸ್ಸು ಅಲ್ಲಿಗೇ ಹೋಗುವುದು ಸಹಜ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಮೇಲೂ ಆ ನೋವು ಮುಗಿದಿಲ್ಲ.

ಆದರೆ ಮೆನ್-1ರ ಮೊದಲ ಪೆಟ್ಟು ತಂದೆ ಅಥವಾ ತಾಯಿಯಿಂದ ಬಂದ ಜೀನಿನಲ್ಲೇ ಇರುತ್ತದೆ. ಎಂಡೋಸಲ್ಫಾನ್ ಹೆಸರೇ ಕೇಳದ ದೇಶಗಳ ಕುಟುಂಬಗಳಲ್ಲೂ ಇದೇ ಕಾಯಿಲೆ ಇದೆ. ಸುಮಾರು 10 ಶೇಕಡಾ ಜನರಲ್ಲಿ ಮಾತ್ರ ದೋಷ ಹೊಸತಾಗಿ ಹುಟ್ಟಿಕೊಂಡಿರುತ್ತದೆ, ತಂದೆ ತಾಯಿಯರಲ್ಲಿ ಇರುವುದಿಲ್ಲ. ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು ಎರಡೂ ಕಡೆಯವರಿಗೆ ನ್ಯಾಯ. ಜೀನ್ ಕಾಯಿಲೆಯ ಮನೆಯವರು ನೆಲ, ನೀರನ್ನು ದೂರುತ್ತಾ ಪರೀಕ್ಷೆ ಮುಂದೂಡಬಾರದು. ವಿಷದಿಂದ ನೊಂದವರಿಗೆ, ನಿಮ್ಮದು ವಂಶದ ಕಾಯಿಲೆ ಎಂದು ಪರೀಕ್ಷೆ ಇಲ್ಲದೆ ಯಾರೂ ಹೇಳಿ ಕಳಿಸಲೂ ಬಾರದು.

ಮನೆಯವರು ಏನು ಮಾಡಬಹುದು?

ಮೆನ್-1 ಗಂಡು ಹೆಣ್ಣು ಎಂಬ ಭೇದವಿಲ್ಲದೆ ಬರುತ್ತದೆ. ಒಬ್ಬರಿಗೆ ಇದ್ದರೆ ಅವರ ಪ್ರತಿ ಮಗುವಿಗೂ ಬರುವ ಸಾಧ್ಯತೆ 50 ಶೇಕಡಾ. ಸೋದರ ಸಂಬಂಧದ ಮದುವೆಯಿಂದ ಬಂತು ಎಂದು ಹಳಬರು ಹೇಳುವುದುಂಟು. ತಂದೆ ತಾಯಿಯರಲ್ಲಿ ಒಬ್ಬರಿಂದ ಒಂದೇ ಕೆಟ್ಟ ಪ್ರತಿ ಬಂದರೂ ಇದಕ್ಕೆ ಸಾಕಾಗುವುದರಿಂದ ಆ ಮಾತು ಇಲ್ಲಿ ಹೊಂದುವುದಿಲ್ಲ. ಸೊಸೆಯ ಮೇಲೆ ಹೊರಿಸುವುದಂತೂ ಬೇಡವೇ ಬೇಡ.

ಗಮನಿಸಬೇಕಾದ ಲಕ್ಷಣಗಳು ಒಂದೇ ಥರ ಇರುವುದಿಲ್ಲ. ಕಲ್ಲು ಗೊತ್ತೇ ಇದೆ. ಮದ್ದು ತೆಗೆದುಕೊಂಡರೂ ಮತ್ತೆ ಮತ್ತೆ ಬರುವ ಹೊಟ್ಟೆ ಹುಣ್ಣು ಪ್ಯಾಂಕ್ರಿಯಾಸ್ ಇಲ್ಲವೇ ಸಣ್ಣ ಕರುಳಿನ ಗಡ್ಡೆಯಿಂದ ಇರಬಹುದು. ಊಟ ತಪ್ಪಿದಾಗ ಬೆವರಿ, ತಲೆ ತಿರುಗಿ, ಸಕ್ಕರೆ ತಿಂದ ಕೂಡಲೇ ಸರಿಯಾಗುವುದು ಇನ್ಸುಲಿನ್ ಜಾಸ್ತಿಯಾದದ್ದರಿಂದ ಇರಬಹುದು. ಮುಟ್ಟು ನಿಲ್ಲುವುದು, ಹಾಲೂಡದ ಹೆಂಗಸರಿಗೂ ಎದೆಯಲ್ಲಿ ಹಾಲು ಬರುವುದು, ಬದಿಯ ದೃಷ್ಟಿ ಮಸುಕಾಗುವುದು ಪಿಟ್ಯುಟರಿಯ ಸೂಚನೆ ಇರಬಹುದು. ಇವು ಒಂದೊಂದೇ ಬಂದಾಗ ಬೇರೆ ಬೇರೆ ಡಾಕ್ಟರ ಹತ್ತಿರ ಹೋಗುತ್ತೇವೆ, ಯಾರಿಗೂ ಪೂರ್ತಿ ಚಿತ್ರ ಕಾಣುವುದಿಲ್ಲ. ಅದಕ್ಕೇ ಮನೆಯಲ್ಲಿ ಯಾರಿಗೆ ಏನಾಗಿತ್ತು, ಎಷ್ಟು ವಯಸ್ಸಿನಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ಎಂಡೋಕ್ರೈನಾಲಜಿಸ್ಟ್ ಹತ್ತಿರ ಕೊಂಡುಹೋಗಿ.

ಮೊದಲ ಪರೀಕ್ಷೆಗಳು ಸಾಮಾನ್ಯದವೇ. ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು. ಕ್ಯಾಲ್ಸಿಯಂ ಸುಮಾರು 8.5ರಿಂದ 10.5 ಮಿಲಿಗ್ರಾಂ ಒಳಗೆ ಇರಬೇಕು, 100 ಮಿಲಿಲೀಟರ್ ರಕ್ತಕ್ಕೆ. ಎರಡೂ ಜಾಸ್ತಿ ಇದ್ದರೆ ಪ್ಯಾರಾಥೈರಾಯ್ಡ್ ಮೇಲೆ ಸಂಶಯ ಗಟ್ಟಿಯಾಗುತ್ತದೆ, ಆಪರೇಷನ್ನಿನಿಂದ ಒಳ್ಳೆಯ ಪರಿಹಾರ ಸಿಗುತ್ತದೆ.

ಜೀನ್ ಪರೀಕ್ಷೆಯ ರಿಪೋರ್ಟು ಕೈಯಲ್ಲಿದ್ದರೆ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. ಈ ಬದಲಾವಣೆ ಕಾಯಿಲೆಗೆ ಕಾರಣ ಎಂದು ಖಚಿತವಾಗಿದೆಯಾ, ಅಥವಾ ಅರ್ಥ ಇನ್ನೂ ಗೊತ್ತಿಲ್ಲದ ಬದಲಾವಣೆಯಾ? ಮಿಸ್ಸೆನ್ಸ್ ಇದ್ದಾಗ ಎರಡನೆಯ ಉತ್ತರವೂ ಬರಬಹುದು. ಪ್ರೋಟೀನಿನ ಸ್ಥಿರತೆಯ ಮಾತು ರಿಪೋರ್ಟಿನಲ್ಲಿ ಬರುವುದು ಇದನ್ನು ತೀರ್ಮಾನಿಸಲು ಸಹಾಯವಾಗಲಿ ಎಂದೇ. ದೋಷ ಖಚಿತವಾಗಿದ್ದರೆ ಆ ರಿಪೋರ್ಟಿನ ಪ್ರತಿಯನ್ನು ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೆಲ್ಲ ಕೊಡಿ. ಅವರು ಇಡೀ ಜೀನನ್ನು ಹುಡುಕಿಸಬೇಕಾಗಿಲ್ಲ. ಆ ಒಂದು ಬದಲಾವಣೆ ತಮ್ಮಲ್ಲಿದೆಯಾ ಎಂದು ನೋಡಿಸಿದರೆ ಸಾಕು. ಇಲ್ಲ ಎಂದು ಬಂದವರಿಗೆ ವರ್ಷ ವರ್ಷದ ತಪಾಸಣೆ ಬೇಡ, ಅವರ ಮಕ್ಕಳಿಗೂ ಬೇಡ. ಇದೆ ಎಂದು ಬಂದವರಿಗೆ ಬಾಲ್ಯದಿಂದಲೇ ತಪಾಸಣೆ ಶುರು ಮಾಡಬೇಕು.